ಕುರ್‌ಆನ್‌ನಲ್ಲಿ ಲೆಕ್ಕದ ವಿನ್ಯಾಸ ಹುಡುಕುವವರಿಗೆ: ಎಣಿಸುವ ಕ್ರಮ, ಎಡವುವ ಜಾಗ

ಕುರ್‌ಆನ್‌ನಲ್ಲಿ 19ರ ಗುಟ್ಟಿದೆ, 'ದಿನ' ಎಂಬ ಪದ ಸರಿಯಾಗಿ 365 ಸಲ ಬಂದಿದೆ, ಸಮ-ಬೆಸ ಮೊತ್ತಗಳು ಚಾಚೂ ತಪ್ಪದೆ ತಾಳೆಯಾಗುತ್ತವೆ. ರಂಜಾನ್ ಬಂತೆಂದರೆ ಹಾಸನದ ಪೆನ್ಷನ್ ಮೊಹಲ್ಲಾದಿಂದ ಮೂಡಿಗೆರೆಯ ತೋಟದ ಲೈನ್‌ಮನೆಗಳವರೆಗೆ ಇಂಥ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಉತ್ತರ ಮೊದಲೇ ಇಟ್ಟುಕೊಂಡು ಕುದುರಿಸಿದ ಲೆಕ್ಕ. ಯಾವುದು ಯಾವುದೆಂದು ಬಿಡಿಸಲು ಅರಬಿ ಪಾಂಡಿತ್ಯ ಬೇಕಿಲ್ಲ. 28 ಅಕ್ಷರ ಗುರುತಿಸಲು ಬರಬೇಕು, ಪಿಯುಸಿಯಲ್ಲಿ ಕಲಿತ ಸಂಭವನೀಯತೆ ಸ್ವಲ್ಪ ನೆನಪಿರಬೇಕು, ಒಂದು ಲ್ಯಾಪ್‌ಟಾಪ್ ಬೇಕು. ಲಿಬ್ರೆ ಆಫೀಸ್ ಕ್ಯಾಲ್ಕ್ ಪುಕ್ಕಟೆ ಸಿಗುತ್ತದೆ, ಎಕ್ಸೆಲ್ ಇದ್ದರೂ ಆಯಿತು. ಜೊತೆಗೊಂದು ನೋಟ್‌ಬುಕ್ ಇರಲಿ. ಅದರ ಕೆಲಸ ಏನೆಂದು ಮುಂದೆ ಗೊತ್ತಾಗುತ್ತದೆ, ಅದಿಲ್ಲದೆ ಉಳಿದದ್ದೆಲ್ಲ ಆಟ.

ಮೊದಲು ಪಠ್ಯ ಗೊತ್ತುಮಾಡಿ

ಎಣಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಓದುವಾಗ ಒಂದೇ ಆಗಿದ್ದರೂ ಮುದ್ರಣದಲ್ಲಿ ಕಾಗುಣಿತವೂ ಆಯತ್ (ವಚನ) ಒಡೆಯುವ ಕ್ರಮವೂ ಬೇರೆ ಬೇರೆ. ಹಾಸನ, ಚಿಕ್ಕಮಗಳೂರಿನ ಉರ್ದು ಮಾತಾಡುವ ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಭಾರತ-ಪಾಕಿಸ್ತಾನ ಶೈಲಿಯ ಲಿಪಿಯ ಕುರ್‌ಆನ್ ಪ್ರತಿ, ಅಂದರೆ ಮುಸ್‌ಹಫ್. ಬ್ಯಾರಿ ಮನೆಗಳಲ್ಲಿ ಮಲಬಾರ್ ಕಡೆಯ ಮುದ್ರಣವೂ ಕಾಣಸಿಗುತ್ತದೆ. ಹಜ್ ಮುಗಿಸಿ ಬಂದವರ ಮನೆಯಲ್ಲಿ ಮದೀನಾದ ಕಿಂಗ್ ಫಹದ್ ಮುದ್ರಣಾಲಯದ ಪ್ರತಿ ಇರುತ್ತದೆ. ಮೊದಲ ಅಧ್ಯಾಯ ಫಾತಿಹಾದ 'ಸಿರಾತ್' ಎಂಬ ಪದವನ್ನೇ ನೋಡಿ. ನಮ್ಮ ಕಡೆಯ ಮುದ್ರಣದಲ್ಲಿ ನಡುವೆ ಪೂರ್ಣ ಅಲಿಫ್ (ಅರಬಿಯ ಮೊದಲ ಅಕ್ಷರ) ಇದೆ, ಮದೀನಾ ಪ್ರತಿಯಲ್ಲಿ ಅದೇ ಜಾಗದಲ್ಲಿ ಮೇಲೆ ಸಣ್ಣ ಕಡ್ಡಿಯಂಥ ಅಲಿಫ್ ಚಿಹ್ನೆ. ಒಬ್ಬರು ಅದನ್ನು ಅಕ್ಷರ ಎನ್ನುತ್ತಾರೆ, ಇನ್ನೊಬ್ಬರು ಚಿಹ್ನೆ ಎನ್ನುತ್ತಾರೆ. ಇಂಥ ಪದಗಳು ಸಾವಿರಗಟ್ಟಲೆ ಇರುವುದರಿಂದ ಅಲಿಫ್‌ನ ಒಟ್ಟು ಎಣಿಕೆ ಮುದ್ರಣದಿಂದ ಮುದ್ರಣಕ್ಕೆ ಜಿಗಿಯುತ್ತದೆ.

ಆಯತ್‌ಗಳ ಸಂಖ್ಯೆಯೂ ಹಾಗೆಯೇ. 6236 ಎಂಬುದು ಇರಾಕಿನ ಕೂಫಾ ಊರಿನ ವಿದ್ವಾಂಸರ ಪದ್ಧತಿಯ ಎಣಿಕೆ. 1924ರ ಕೈರೋ ಮುದ್ರಣ ಇದನ್ನೇ ಹಿಡಿದದ್ದರಿಂದ ಜಗತ್ತಿನ ಬಹುಭಾಗದಲ್ಲಿ ಇದೇ ನಿಂತಿತು. ಉತ್ತರ ಆಫ್ರಿಕಾದಲ್ಲಿ ನಡೆಯುವ ವರ್ಶ್ ಪಾಠದ (ಕುರ್‌ಆನ್ ಓದುವ ಪರಂಪರೆಗಳಲ್ಲಿ ಒಂದು) ಪ್ರತಿಗಳಲ್ಲಿ 6214. ವಾಕ್ಯಗಳು ಅವೇ, ಎಲ್ಲಿ ನಿಲ್ಲಿಸಿ ಸಂಖ್ಯೆ ಹಾಕುವುದು ಎಂಬುದಷ್ಟೇ ಬೇರೆ. ಫಾತಿಹಾ ಎಲ್ಲ ಪದ್ಧತಿಯಲ್ಲೂ 7 ಆಯತ್, ಆದರೆ ಕೂಫಾದವರು ಬಿಸ್ಮಿಲ್ಲಾವನ್ನು ('ಅಲ್ಲಾಹನ ಹೆಸರಿನಿಂದ' ಎಂಬ ಆರಂಭದ ವಾಕ್ಯ) ಮೊದಲನೆಯದಾಗಿ ಎಣಿಸುತ್ತಾರೆ, ಬಿಸ್ಮಿಲ್ಲಾವನ್ನು ಎಣಿಸದವರು ಕೊನೆಯ ಆಯತನ್ನು ಎರಡಾಗಿ ಒಡೆಯುತ್ತಾರೆ. ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ 6666 ಎಂಬ ಸಂಖ್ಯೆ ಇದೆಯಲ್ಲ, ಈ ಯಾವ ಪ್ರತಿಯನ್ನು ಕೂಡಿದರೂ ಅದು ಸಿಗದು. ಆಯತ್ ಎಣಿಸುವುದು ಮುಸ್ಲಿಂ ವಿದ್ವಾಂಸರಲ್ಲಿ ಹಳೆಯ ಶಾಸ್ತ್ರ. 1053ರಲ್ಲಿ ತೀರಿಕೊಂಡ ಅಂದಲೂಸಿನ (ಸ್ಪೇನ್ ಕಡೆಯ) ವಿದ್ವಾಂಸ ಅದ್-ದಾನಿ ಈ ಭೇದಗಳನ್ನೆಲ್ಲ ಪಟ್ಟಿ ಮಾಡಿಯೇ ಬರೆದಿದ್ದಾರೆ. ಆದ್ದರಿಂದ 'ಕುರ್‌ಆನ್‌ನಲ್ಲಿ ಇಷ್ಟಿವೆ' ಎಂದು ಬರೆಯಬೇಡಿ. 'ಕೂಫಾ ಎಣಿಕೆಯ, ಹಫ್ಸ್ ಪಾಠದ, ಇಂಥ ಕಾಗುಣಿತದ ಪ್ರತಿಯಲ್ಲಿ ಇಷ್ಟಿವೆ' ಎಂದು ಬರೆಯಿರಿ. ಹಫ್ಸ್ ಎಂದರೆ ನಮ್ಮ ಕಡೆ ಚಾಲ್ತಿಯಲ್ಲಿರುವ ಓದಿನ ಪರಂಪರೆ.

ಕಂಪ್ಯೂಟರಿಗೆ, ಕುರ್‌ಆನ್ ಪಠ್ಯವನ್ನು ಅಂತರಜಾಲದಲ್ಲಿ ಕೊಡುವ ತಂಝಿಲ್ ಯೋಜನೆಯ ಫೈಲ್ ಸಾಕು. ಅಲ್ಲಿ ಹಲವು ಬಗೆ ಇವೆ. ಅಕ್ಷರ ಎಣಿಸುವುದಾದರೆ 'ಉಸ್ಮಾನಿ' (ಹಳೆಯ ಪ್ರತಿಗಳ ಕಾಗುಣಿತ) ಆರಿಸಿ. 'ಸಿಂಪಲ್ ಕ್ಲೀನ್' ಚೊಕ್ಕಟವಾಗಿ ಕಂಡರೂ ಅದು ಇಂದಿನ ಅರಬಿ ಕಾಗುಣಿತ, ಅಲಿಫ್‌ಗಳು ಉಬ್ಬಿರುತ್ತವೆ. ಅದನ್ನು ಪದ ಹುಡುಕಲು ಮಾತ್ರ ಬಳಸಿ. ಫೈಲ್ ಚಿಕ್ಕದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ, ಆಷಾಢದ ಮಳೆಯಲ್ಲಿ ಕೊಪ್ಪ, ಶೃಂಗೇರಿ ಕಡೆಯವರಿಗೆ ಇದರ ಬೆಲೆ ಗೊತ್ತು.

ಫೈಲ್ ತೊಳೆಯುವುದು

ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್‌ನಲ್ಲಿ ಅಕ್ಷರಗಳು ಚಿಂದಿಯಾಗಿ ಬರಬಹುದು. ಇಂಪೋರ್ಟ್ ಆಯ್ಕೆಗೆ ಹೋಗಿ ಯುಟಿಎಫ್-8 ಆರಿಸಿ, ವಿಭಾಜಕ ಚಿಹ್ನೆಯಾಗಿ ನಿಂತ ಗೆರೆಯನ್ನು (|) ಕೊಡಿ. ಸೂರಾ (ಅಧ್ಯಾಯ) ಸಂಖ್ಯೆ, ಆಯತ್ ಸಂಖ್ಯೆ, ಪಠ್ಯ ಎಂದು ಮೂರು ಕಾಲಂ ಬರಬೇಕು. ಸಾಲು 6236 ಇರಬೇಕು. ಕೊನೆಯಲ್ಲಿ ಹಕ್ಕುಸ್ವಾಮ್ಯದ ಸಾಲುಗಳು ಇರುತ್ತವೆ, ಅವನ್ನು ಬೇರೆ ಹಾಳೆಗೆ ಸರಿಸಿಡಿ.

ಈಗ ದೊಡ್ಡ ಬಲೆ. ಈ ಫೈಲ್‌ನಲ್ಲಿ 1 ಮತ್ತು 9ನೇ ಸೂರಾ ಬಿಟ್ಟು ಉಳಿದ 112 ಸೂರಾಗಳ ಮೊದಲ ಆಯತ್‌ನ ತಲೆಗೆ ಬಿಸ್ಮಿಲ್ಲಾ ಅಂಟಿಕೊಂಡೇ ಬರುತ್ತದೆ. ಅದನ್ನು ಗಮನಿಸದಿದ್ದರೆ ಲಾಮ್ ಎಣಿಕೆ 448, ಮೀಮ್ 336, ಅಲಿಫ್ 336 ಹೆಚ್ಚಾಗಿ ಹೋಗುತ್ತದೆ. ಹುಡುಕಿ ಅಳಿಸಲು ಹೋದರೆ ಇನ್ನೊಂದು ಕೊಕ್ಕೆ: 95 ಮತ್ತು 97ನೇ ಸೂರಾಗಳಲ್ಲಿ ಮೊದಲ 'ಬ' ಮೇಲೆ ದ್ವಿತ್ವದ ಚಿಹ್ನೆ ಇದೆ. ಹಾಗಾಗಿ 112ರ ಬದಲು 110 ಕಡೆ ಮಾತ್ರ ಅಳಿಸಿಹೋಗಿ ಎರಡು ಕಡೆ ಉಳಿದುಬಿಡುತ್ತದೆ. ಸ್ವರಚಿಹ್ನೆಗಳನ್ನು ಮೊದಲು ತೆಗೆದು, ಆಮೇಲೆ ಬಿಸ್ಮಿಲ್ಲಾ ಬೇರ್ಪಡಿಸಿದರೆ ಈ ತಾಪತ್ರಯವಿಲ್ಲ. ಬೇರ್ಪಡಿಸಿದ್ದನ್ನು ಎಸೆಯಬೇಡಿ, ನಾಲ್ಕನೇ ಕಾಲಂನಲ್ಲಿ ಇಡಿ. ಸೇರಿಸಿ ಒಂದು ಎಣಿಕೆ, ಬಿಟ್ಟು ಒಂದು ಎಣಿಕೆ ಎರಡೂ ಬೇಕಾಗುತ್ತವೆ.

ಉಳಿದ ತೊಳೆತ ಹೀಗೆ. ಸ್ವರಚಿಹ್ನೆ, ನಿಲುಗಡೆ ಚಿಹ್ನೆ, ಎಳೆಗೆರೆ (ಯೂನಿಕೋಡ್ 0640), ಸಣ್ಣ ಅಲಿಫ್ (0670) ತೆಗೆಯಿರಿ. ಅಲಿಫ್‌ಗೆ ನಾಲ್ಕು ವೇಷ: ಬರಿಯ ಅಲಿಫ್ 0627, ಮೇಲೆ ಹಂಝಾ ಇರುವ 0623, ಕೆಳಗೆ ಹಂಝಾ ಇರುವ 0625, ವಸ್ಲಾ ಇರುವ 0671. ನಾಲ್ಕನ್ನೂ ಒಂದೇ ಎಂದು ಎಣಿಸುವಿರಾ ಎಂಬುದನ್ನು ಈಗಲೇ ಬರೆದಿಡಿ. ಕೊನೆಯಲ್ಲಿ ಚುಕ್ಕಿ ಇಲ್ಲದ ಯಾ (0649) ಯಾ ಲೆಕ್ಕಕ್ಕೋ ಅಲಿಫ್ ಲೆಕ್ಕಕ್ಕೋ, ಒಂಟಿ ಹಂಝಾ ಅಕ್ಷರವೋ ಅಲ್ಲವೋ, ಇವನ್ನೂ ಬರೆದಿಡಿ. ಉರ್ದು ಕೀಬೋರ್ಡ್‌ನಿಂದ ಹುಡುಕುವವರು ಎಚ್ಚರ. ಉರ್ದುವಿನ 'ಯೇ', 'ಕಾಫ್', 'ಹೇ' ಕಣ್ಣಿಗೆ ಅರಬಿಯಂತೆಯೇ ಕಂಡರೂ ಯೂನಿಕೋಡ್‌ನಲ್ಲಿ ಬೇರೆ ಅಕ್ಷರಗಳು, ಹುಡುಕಿದರೆ ಸೊನ್ನೆ ಬರುತ್ತದೆ.

ತೊಳೆತ ಸರಿಯಾಯಿತೇ ಎಂದು ನೋಡಲು ಮೂರು ಒರೆಗಲ್ಲು. ಬಿಸ್ಮಿಲ್ಲಾದಲ್ಲಿ 19 ಅಕ್ಷರ ಬರಬೇಕು. 108ನೇ ಸೂರಾದಲ್ಲಿ 10 ಪದ ಬರಬೇಕು. 50ನೇ ಸೂರಾದಲ್ಲಿ ಮೇಲೆರಡು ಚುಕ್ಕಿಯ ಖಾಫ್ 57, 42ನೇ ಸೂರಾದಲ್ಲೂ 57 ಬರಬೇಕು. ಖಾಫ್‌ಗೆ ಅಲಿಫ್‌ನ ಜಗಳವಿಲ್ಲ, ಬಿಸ್ಮಿಲ್ಲಾದಲ್ಲಿ ಅದು ಬರುವುದೂ ಇಲ್ಲ. ಹಾಗಾಗಿ ಈ ಸಂಖ್ಯೆ ತಪ್ಪಿದರೆ ತಪ್ಪು ನಿಮ್ಮ ಫೈಲ್‌ನಲ್ಲೇ ಇದೆ ಎಂದು ತಿಳಿಯಿರಿ.

ಅಕ್ಷರ ಎಣಿಸುವ ಫಾರ್ಮುಲಾ ಸುಲಭ. ಪಠ್ಯದ ಉದ್ದದಿಂದ (ಲೆನ್), ಆ ಅಕ್ಷರವನ್ನು ಸಬ್‌ಸ್ಟಿಟ್ಯೂಟ್ ಬಳಸಿ ತೆಗೆದ ಮೇಲಿನ ಉದ್ದವನ್ನು ಕಳೆಯಿರಿ. ಸೂರಾವಾರು ಮೊತ್ತಕ್ಕೆ ಸಮ್‌ಇಫ್.

ಮೊದಲ ಅಭ್ಯಾಸ: ಬರೀ ಆಯತ್ ಸಂಖ್ಯೆಗಳು

ಅಕ್ಷರಕ್ಕೆ ಕೈ ಹಾಕುವ ಮುಂಚೆ 114 ಸಾಲಿನ ಒಂದು ಪಟ್ಟಿಯಲ್ಲಿ ಕೈ ಪಳಗಿಸಿಕೊಳ್ಳಿ. ಎ ಕಾಲಂನಲ್ಲಿ ಸೂರಾ ಸಂಖ್ಯೆ, ಬಿ ಕಾಲಂನಲ್ಲಿ ಆ ಸೂರಾದ ಆಯತ್‌ಗಳು, ಸಿ ಕಾಲಂನಲ್ಲಿ ಎರಡರ ಮೊತ್ತ. ಮೊದಲ ಸಾಲು 1, 7, 8. ಎರಡನೆಯದು 2, 286, 288. ಕೊನೆಯದು 114, 6, 120. ಎ ಕಾಲಂ ಕೂಡಿದರೆ 6555, ಬಿ ಕೂಡಿದರೆ 6236.

ಈಗ ಸಿ ಕಾಲಂನಲ್ಲಿ ಸಮಸಂಖ್ಯೆ ಇರುವ ಸಾಲುಗಳನ್ನು ಬೇರ್ಪಡಿಸಿ. ಸರಿಯಾಗಿ 57 ಸಾಲು, ಅವುಗಳ ಮೊತ್ತ 6236. ಬೆಸ ಸಾಲುಗಳೂ 57, ಅವುಗಳ ಮೊತ್ತ 6555. ಅಂದರೆ ಒಟ್ಟು ಆಯತ್‌ಗಳ ಸಂಖ್ಯೆ ಒಂದು ಕಡೆ, ಸೂರಾ ಸಂಖ್ಯೆಗಳ ಮೊತ್ತ ಇನ್ನೊಂದು ಕಡೆ. ಇದು ಸುಳ್ಳಲ್ಲ, ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ತಾಳೆ ನೋಡಬಹುದು. ಮೊದಲ ಸಲ ನೋಡಿದವರು ಬೆರಗಾಗುವುದು ಸಹಜ. ಬೆರಗು ಇಳಿದ ಮೇಲೆ ಮೂರು ಪ್ರಶ್ನೆ ಕೇಳಿ.

ಒಂದು, ಇಲ್ಲಿ ಎಷ್ಟು ಹೊಂದಾಣಿಕೆ ಇದೆ? ಎರಡು ಎಂದು ಸಂದೇಶಗಳು ಹೇಳುತ್ತವೆ. ಆದರೆ ಸಿ ಕಾಲಂನ ಒಟ್ಟು ಮೊತ್ತ ಹೇಗಿದ್ದರೂ 6236 ಮತ್ತು 6555 ಕೂಡಿದ್ದೇ, ಅಂದರೆ 12791. ಒಂದು ಪಾಲು 6236 ಆದೊಡನೆ ಉಳಿದ ಪಾಲು 6555 ಆಗಲೇಬೇಕು. ಆದ್ದರಿಂದ ಹೊಂದಾಣಿಕೆ ಒಂದೇ. ಅದನ್ನು ಬಿಚ್ಚಿ ಬರೆದರೆ ಹೀಗೆ: ಸಮ ಗುಂಪಿನ ಸೂರಾ ಸಂಖ್ಯೆಗಳ ಮೊತ್ತ 3303, ಬೆಸ ಗುಂಪಿನ ಆಯತ್‌ಗಳ ಮೊತ್ತವೂ 3303.

ಎರಡು, ಇದು ಎಷ್ಟು ಗಟ್ಟಿ? ಪಟ್ಟಿಯಲ್ಲಿ 286ನ್ನು 285 ಮಾಡಿ ನೋಡಿ. ಆರಂಭದ ಬಿಡಿ ಅಕ್ಷರಗಳಾದ ಅಲಿಫ್-ಲಾಮ್-ಮೀಮ್ ಎಂಬುದನ್ನು ಬೇರೆ ಆಯತ್ ಎಂದು ಎಣಿಸದ ಪದ್ಧತಿಯಲ್ಲಿ 2ನೇ ಸೂರಾ ಬಖರಾಕ್ಕೆ ಅಷ್ಟೇ ಇರುವುದು. ಆಗ 288 ಸಮ ಗುಂಪಿನಿಂದ ಜಾರಿ ಆ ಗುಂಪಿನ ಮೊತ್ತ 5948ಕ್ಕೆ ಕುಸಿಯುತ್ತದೆ. ಈಗ ಅದನ್ನು ಮೊದಲಿನಂತೆ ಮಾಡಿ, 9ನೇ ಸೂರಾದ 129ನ್ನು 127 ಮಾಡಿ. ಒಟ್ಟು ಆಯತ್ 6234, ಸಮ ಗುಂಪಿನ ಮೊತ್ತವೂ 6234, ಹೊಂದಾಣಿಕೆ ಅಲುಗುವುದೇ ಇಲ್ಲ! ಸಮ ಗುಂಪಿನ ಯಾವ ಸೂರಾದಲ್ಲಿ ಎರಡೆರಡಾಗಿ ಆಯತ್ ಕಳೆದರೂ ಕೂಡಿದರೂ ಹೀಗೇ ಆಗುತ್ತದೆ. 'ಒಂದು ಆಯತ್ ಕೂಡ ಹೆಚ್ಚುಕಡಿಮೆ ಆಗಿಲ್ಲ ಎಂಬುದಕ್ಕೆ ಇದೇ ಪುರಾವೆ' ಎನ್ನುವ ಸಂದೇಶ ಇಲ್ಲಿ ನಿಲ್ಲುವುದಿಲ್ಲ.

ಮೂರು, ಇದು ತಾನಾಗಿ ಆಗುವ ಸಾಧ್ಯತೆ ಎಷ್ಟು? ಡಿ ಕಾಲಂನಲ್ಲಿ ರ‍್ಯಾಂಡ್ ಫಾರ್ಮುಲಾ ಹಾಕಿ, ಬಿ ಕಾಲಂನ ಆಯತ್ ಸಂಖ್ಯೆಗಳನ್ನು ಅದರ ಪ್ರಕಾರ ಕಲೆಸಿ, ಮತ್ತೆ ಸಮ ಮೊತ್ತ ನೋಡಿ. ಪೈಥಾನ್ ಗೊತ್ತಿದ್ದವರು ಲಕ್ಷ ಸಲ ಕಲೆಸಬಹುದು. 6236ಕ್ಕೇ ಬಂದು ನಿಲ್ಲುವುದು ಸರಿಸುಮಾರು ಸಾವಿರಕ್ಕೆ ಒಂದು ಸಲದ ಮಟ್ಟದ್ದು. ಅಪರೂಪ ನಿಜ. ಆದರೆ ಇದನ್ನು ಕಂಡುಹಿಡಿದವರು ಅದಕ್ಕೆ ಮುಂಚೆ ಎಷ್ಟು ಬಗೆಯ ಕೂಡು-ಕಳೆ ಮಾಡಿ ನೋಡಿದ್ದರು ಎಂಬುದು ತಿಳಿಯದ ಹೊರತು 'ಸಾವಿರಕ್ಕೆ ಒಂದು' ಎಂಬುದಕ್ಕೆ ಬೆಲೆ ಕಟ್ಟಲಾಗದು.

ಇದೇ ಪಟ್ಟಿಯಲ್ಲಿ 19ರ ಪರೀಕ್ಷೆಯನ್ನೂ ಮಾಡಿ. ಸಿ ಕಾಲಂಗೆ ಮಾಡ್ ಫಾರ್ಮುಲಾ ಹಾಕಿ 19ರಿಂದ ಭಾಗಿಸಿ, ಶೇಷ ಸೊನ್ನೆ ಬರುವ ಸೂರಾಗಳನ್ನು ಗುರುತಿಸಿ: 6, 15, 21, 39, 41, 42, 50, 55, 56, 70, 88, 107. ಒಟ್ಟು 12. 114ನ್ನು 19ರಿಂದ ಭಾಗಿಸಿದರೆ 6 ಬರಬೇಕಿತ್ತು, ಬಂದದ್ದು ಎರಡರಷ್ಟು. ಇಲ್ಲಿ ಅವಸರದವರು ಕುಣಿದಾಡುತ್ತಾರೆ. ಸಿ ಕಾಲಂನ ಸಂಖ್ಯೆಗಳು ಹೇಗೆ ಹರಡಿವೆ ನೋಡಿ. ಸೂರಾಗಳನ್ನು ಸ್ಥೂಲವಾಗಿ ಉದ್ದದಿಂದ ಗಿಡ್ಡಕ್ಕೆ ಜೋಡಿಸಿರುವುದರಿಂದ ಸೂರಾ ಸಂಖ್ಯೆ ಏರಿದಂತೆ ಆಯತ್ ಸಂಖ್ಯೆ ಇಳಿಯುತ್ತದೆ, ಮೊತ್ತ ನೂರು-ನೂರಿಪ್ಪತ್ತರ ಆಸುಪಾಸಿನಲ್ಲೇ ಗುಂಪುಗೂಡುತ್ತದೆ. 101ರಿಂದ 119ರ ಒಳಗೇ 50 ಸೂರಾಗಳಿವೆ. ಅಲ್ಲಿ 114 ಐದು ಸಲ ಬಂದಿದೆ. 110 ಕೂಡ ಐದು ಸಲ ಬಂದಿದೆ (81, 90, 102, 105, 106), 106 ಕೂಡ ಐದು ಸಲ (33, 87, 91, 98, 103). 114ಕ್ಕೆ ಮಾತ್ರ ಆರತಿ ಎತ್ತಿದರೆ 110ಕ್ಕೂ 106ಕ್ಕೂ ಅನ್ಯಾಯ.

ಅಕ್ಷರಗಳು

29 ಸೂರಾಗಳು ಬಿಡಿ ಅಕ್ಷರಗಳಿಂದ ಶುರುವಾಗುತ್ತವೆ. ಒಟ್ಟು 14 ಬೇರೆ ಬೇರೆ ಅಕ್ಷರಗಳು, 14 ಬಗೆಯ ಜೋಡಣೆ. 19ರ ವಾದವೆಲ್ಲ ಇವುಗಳ ಸುತ್ತಲೇ. ಈ ವಾದವನ್ನು 1974ರಲ್ಲಿ ಮುಂದಿಟ್ಟವರು ಈಜಿಪ್ಟ್ ಮೂಲದ ಜೀವರಸಾಯನ ತಜ್ಞ ರಶಾದ್ ಖಲೀಫಾ, ಅಮೆರಿಕದ ಅರಿಝೋನಾದವರು. 74ನೇ ಸೂರಾದ 30ನೇ ಆಯತ್‌ನಲ್ಲಿ ಬರುವ 'ಅದರ ಮೇಲೆ ಹತ್ತೊಂಬತ್ತು' ಎಂಬ ಮಾತು, ಬಿಸ್ಮಿಲ್ಲಾದ 19 ಅಕ್ಷರ, 114 ಎಂದರೆ 19ರ ಆರು ಪಟ್ಟು, ಇವು ಅವರ ಬುನಾದಿ.

ಈ ವಾದವನ್ನು ಒರೆಗೆ ಹಚ್ಚಲು ಮೂರು ಅಕ್ಷರ ಸಾಕು. ಖಾಫ್: 50ರಲ್ಲೂ 42ರಲ್ಲೂ 57, ಅಂದರೆ 19ರ ಮೂರು ಪಟ್ಟು. ಯಾವ ತಿದ್ದುಪಡಿಯೂ ಇಲ್ಲದೆ ನಿಲ್ಲುತ್ತದೆ. ಸ್ವಾದ್: 7, 19, 38ನೇ ಸೂರಾಗಳಲ್ಲಿ 98, 26, 29, ಒಟ್ಟು 153. ಬೇಕಾದದ್ದು 152. 7ನೇ ಸೂರಾದ 69ನೇ ಆಯತ್‌ನಲ್ಲಿ 'ಬಸ್ತಃ' ಎಂಬ ಪದವನ್ನು ಸ್ವಾದ್‌ನಿಂದ ಬರೆದು ಮೇಲೆ ಪುಟ್ಟ ಸೀನ್ ಇಡುವುದು ರೂಢಿ. ಅದನ್ನು ಸೀನ್ ಎಂದೇ ತಿದ್ದಿ 152 ಮಾಡಿದರು. ನೂನ್: 68ನೇ ಸೂರಾದಲ್ಲಿ 133 ಬರಬೇಕಾದರೆ ಆರಂಭದ ಒಂಟಿ ನೂನ್ ಅಕ್ಷರವನ್ನು ನೂನ್-ವಾವ್-ನೂನ್ ಎಂದು ಬಿಡಿಸಿ ಬರೆಯಬೇಕು, ಚಾಲ್ತಿಯ ಮುದ್ರಣದಲ್ಲಿ ಹಾಗಿಲ್ಲ. ಅಲಿಫ್‌ನಿಂದ ಶುರುವಾಗುವ 13 ಸೂರಾಗಳಲ್ಲಿ ಅದನ್ನು ಅಲಿಫ್-ಲಾಮ್-ಫಾ ಎಂದು ಬಿಡಿಸುವುದಿಲ್ಲವಲ್ಲ, ಇಲ್ಲೇಕೆ ಎಂದು ಕೇಳಿದರೆ ಲೆಕ್ಕದೊಳಗೆ ಉತ್ತರವಿಲ್ಲ. ಆಯತ್‌ಗಳ ಒಟ್ಟು ಎಣಿಕೆಯೂ ಇದೇ ದಾರಿ ಹಿಡಿಯಿತು. 6236ಕ್ಕೆ ಸಂಖ್ಯೆ ಇಲ್ಲದ 112 ಬಿಸ್ಮಿಲ್ಲಾ ಕೂಡಿದರೆ 6348, 19ರಿಂದ ಭಾಗಿಸಿದರೆ ಶೇಷ 2. 9ನೇ ಸೂರಾದ ಕೊನೆಯ ಎರಡು ಆಯತ್ ಕುರ್‌ಆನ್‌ಗೆ ಸೇರಿದ್ದೇ ಅಲ್ಲ ಎಂದು ಖಲೀಫಾ ಹೇಳಿದರು. ಆಗ 6346, ಅಂದರೆ 19ರ 334 ಪಟ್ಟು. ಲೆಕ್ಕಕ್ಕೆ ಹೊಂದಲೆಂದು ಪಠ್ಯಕ್ಕೇ ಕತ್ತರಿ! ಮುಸ್ಲಿಂ ವಿದ್ವಾಂಸರು ಇದನ್ನು ಸಾರಾಸಗಟಾಗಿ ತಿರಸ್ಕರಿಸಿದರು. 1990ರ ಜನವರಿಯಲ್ಲಿ ಖಲೀಫಾ ಕೊಲೆಯಾದರು.

ಬಿಸ್ಮಿಲ್ಲಾದ 19 ಕೂಡ ಕಾಗುಣಿತದ ಮೇಲೆಯೇ ನಿಂತಿದೆ. 'ಅಲ್ಲಾಹ್' ಮತ್ತು 'ರಹ್ಮಾನ್' ಎರಡರಲ್ಲೂ ಉಚ್ಚಾರದ ದೀರ್ಘ ಅಲಿಫ್ ಬರಹದಲ್ಲಿಲ್ಲ, ಅವನ್ನು ಕೂಡಿದರೆ 21. 'ಬಿಸ್ಮ್'ನಲ್ಲಿ ಬಿಟ್ಟುಹೋದ ಅಲಿಫ್ ಕೂಡಿದರೆ 22. ಬರಹವನ್ನೇ ಎಣಿಸುತ್ತೇನೆ ಎಂದರೆ 19, ತಕರಾರಿಲ್ಲ. ಆದರೆ ಆ ನಿಯಮವನ್ನು ಉದ್ದಕ್ಕೂ ಪಾಲಿಸಬೇಕು.

ಅಕ್ಷರಕ್ಕೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕ ಇನ್ನೊಂದು ಕವಲು. ಲಾರಿಗಳ ಹಣೆಯ ಮೇಲೆ ಕಾಣುವ 786 ಇದರಿಂದಲೇ ಬಂದದ್ದು: ಬಿಸ್ಮ್ 102, ಅಲ್ಲಾಹ್ 66, ಅರ್-ರಹ್ಮಾನ್ 329, ಅರ್-ರಹೀಮ್ 289. ಅಕ್ಷರಕ್ಕೆ ಅಂಕ ಕೊಡುವ ಕಟಪಯಾದಿ ಗೊತ್ತಿದ್ದವರಿಗೆ ಇದು ಹೊಸದಲ್ಲ, ಮೇಚಕಲ್ಯಾಣಿಯ 'ಮೇಚ'ದಿಂದ ಆ ರಾಗದ ಸಂಖ್ಯೆ 65 ತೆಗೆಯುವ ಸಂಗೀತದವರ ಜಾಣ್ಮೆಯ ಬಳಗವೇ. ವಿನ್ಯಾಸ ಹುಡುಕಲು ಇದನ್ನು ಸೇರಿಸದಿರುವುದೇ ಮೇಲು. ಒಂದು ಪದಕ್ಕೆ ಅಕ್ಷರ ಸಂಖ್ಯೆ, ಅಬ್ಜದ್ ಬೆಲೆ, ಸ್ಥಾನ ಎಂದು ಮೂರು ಸಂಖ್ಯೆ ಸಿಕ್ಕರೆ ಕೂಡುವ ದಾರಿಗಳು ಹತ್ತಾರು ಪಟ್ಟು ಬೆಳೆಯುತ್ತವೆ.

ಪದಗಳು: 365 ಹೇಗೆ ಬರುತ್ತದೆ

ಪದ ಎಣಿಸಲು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಕುರ್‌ಆನ್ ಅರಬಿ ಕಾರ್ಪಸ್ ಬಳಸಿ. ಪ್ರತಿ ಪದಕ್ಕೂ ಧಾತು, ವಚನ, ಪ್ರತ್ಯಯ ಗುರುತು ಹಾಕಿದ್ದಾರೆ. 'ಯೌಮ್' ಅಂದರೆ ದಿನ. ಅದರ ಧಾತು ಬರುವುದು 475 ಸಲ. ಅದರಲ್ಲಿ 'ಯೌಮಇದಿನ್' (ಆ ದಿನ) ಎಂಬ ಕೂಡುರೂಪ 70, ಬಿಟ್ಟರೆ 405. ದ್ವಿವಚನ, ಬಹುವಚನ 30, ಬಿಟ್ಟರೆ 375. 'ನಿಮ್ಮ ದಿನ', 'ಅವರ ದಿನ' ಎಂದು ಸರ್ವನಾಮ ಅಂಟಿದವು 10, ಬಿಟ್ಟರೆ 365. ಹಾಗಾಗಿ 365 ಎನ್ನುವವರು ಸುಳ್ಳು ಹೇಳುತ್ತಿಲ್ಲ, ಮೂರು ಸಲ ಜರಡಿ ಹಿಡಿದಿದ್ದಾರೆ. ಬಹುವಚನ ಬಿಡುವುದಕ್ಕೆ ಒಂದು ಸಮರ್ಥನೆ ಇದೆ. 'ಅವರ ದಿನ' ಏಕವಚನವೇ ಆಗಿರುವಾಗ ಅದನ್ನು ಬಿಡುವುದಕ್ಕೆ, ಉತ್ತರ 365 ಆಗಬೇಕು ಎಂಬುದನ್ನು ಬಿಟ್ಟರೆ, ಕಾರಣ ಹುಡುಕುವುದು ಕಷ್ಟ.

ಹಳೇಬೀಡಿನ ಗುಡಿಯ ತಳಪಟ್ಟಿಯ ಆನೆ ಎಣಿಸುವವರಿಗೂ ಇದೇ ಪಾಡು. ಸೊಂಡಿಲು ಮುರಿದದ್ದು, ಮೂಲೆಯಲ್ಲಿ ಅರ್ಧ ಮಾತ್ರ ಕಾಣುವುದು ಆನೆಯೇ ಎಂದು ಹೊರಡುವ ಮುಂಚೆ ತೀರ್ಮಾನಿಸದಿದ್ದರೆ ಬೇಕಾದ ಸಂಖ್ಯೆಗೆ ಬಂದು ನಿಲ್ಲಬಹುದು.

'ಶಹ್ರ್' (ತಿಂಗಳು) ಇದಕ್ಕಿಂತ ಚೊಕ್ಕ. ಒಟ್ಟು 21: ಏಕವಚನ 12, ದ್ವಿವಚನ 2, ಬಹುವಚನ 7. ಏಕವಚನ ಮಾತ್ರ ಎಂಬ ಒಂದೇ ನಿಯಮಕ್ಕೆ 12 ಸಿಗುತ್ತದೆ. ಅದೇ ನಿಯಮವನ್ನು ದಿನಕ್ಕೆ ಹಚ್ಚಿದರೆ, ಕೂಡುರೂಪ ಬಿಟ್ಟ ಮೇಲೂ, 375. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಬೇಕಾದರೆ ಎರಡರಲ್ಲೊಂದನ್ನು ಬಿಡಬೇಕು, ಇಲ್ಲವೇ ಸರ್ವನಾಮದ ಜರಡಿಗೆ ಮೊದಲೇ ಕಾರಣ ಬರೆದಿಡಬೇಕು.

ನೋಟ್‌ಬುಕ್ ಏಕೆ

19ರಿಂದ ಭಾಗವಾಗುವ ಸಾಧ್ಯತೆ 19ಕ್ಕೆ ಒಂದು, ಅಂದರೆ ಶೇಕಡ 5ಕ್ಕಿಂತ ತುಸು ಹೆಚ್ಚು. ಒಂದಕ್ಕೊಂದು ಸಂಬಂಧವಿಲ್ಲದ 13 ಪ್ರಶ್ನೆ ಕೇಳಿದರೆ ಒಂದಾದರೂ ಭಾಗವಾಗುವ ಸಾಧ್ಯತೆ ಅರ್ಧ ದಾಟುತ್ತದೆ. 57 ಪ್ರಶ್ನೆ ಕೇಳಿದರೆ ಶೇಕಡ 95. ಕಂಪ್ಯೂಟರ್ ಮುಂದೆ ಒಂದು ಸಂಜೆ ಕೂತರೆ 57 ಪ್ರಶ್ನೆ ಯಾವ ಲೆಕ್ಕ? ಅದಕ್ಕೇ ನೋಟ್‌ಬುಕ್. ಪ್ರತಿ ಪ್ರಶ್ನೆಯನ್ನೂ ಎಣಿಸುವ ಮುಂಚೆ ಪೆನ್ನಿನಲ್ಲಿ ಬರೆಯಿರಿ: ತಾರೀಖು, ಪಠ್ಯ ಯಾವುದು, ಏನನ್ನು ಎಣಿಸುವುದು, ಯಾವುದನ್ನು ಬಿಡುವುದು, ಯಾವ ಉತ್ತರ ಬಂದರೆ ಹೊಂದಿತು ಎನ್ನುವುದು. ಆಮೇಲೆ ಎಣಿಸಿ. ಹೊಂದದಿದ್ದವನ್ನು ಹೊಡೆದುಹಾಕಬೇಡಿ. ಕೊನೆಗೆ ಹೊಂದಿದ್ದನ್ನು ಯಾರಿಗಾದರೂ ತೋರಿಸುವಾಗ 'ಇಷ್ಟು ಕೇಳಿದೆ, ಇಷ್ಟು ಹೊಂದಿತು' ಎಂದು ಎರಡೂ ಸಂಖ್ಯೆ ಹೇಳಬೇಕು. 100 ಪ್ರಶ್ನೆ ಕೇಳಿದ್ದರೆ, ಒಂದೊಂದಕ್ಕೂ ಶೇಕಡ 5ರ ಗಡಿ ಸಾಲದು, ಅದನ್ನು 100ರಿಂದ ಭಾಗಿಸಿ ಎರಡು ಸಾವಿರಕ್ಕೆ ಒಂದರ ಗಡಿ ಇಟ್ಟುಕೊಳ್ಳಿ.

ಸಡಿಲ ನಿಯಮ ಏನು ಮಾಡುತ್ತದೆ ಎಂಬುದು ಬೈಬಲ್ ವಿಷಯದಲ್ಲಿ ಮೊದಲೇ ಸಾಬೀತಾಗಿದೆ. ಹೀಬ್ರೂ ಪಠ್ಯದಲ್ಲಿ ಸಮಾನ ಅಂತರದ ಅಕ್ಷರಗಳಲ್ಲಿ ರಬ್ಬಿಗಳ ಹೆಸರು ಮತ್ತು ತಾರೀಖು ಅಡಗಿವೆ ಎಂಬ ಪ್ರಬಂಧ 1994ರಲ್ಲಿ ಸಂಖ್ಯಾಶಾಸ್ತ್ರದ ನಿಯತಕಾಲಿಕದಲ್ಲೇ ಬಂತು. 1999ರಲ್ಲಿ ಬ್ರೆಂಡನ್ ಮೆಕೇ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ, ಹೆಸರುಗಳನ್ನು ಹೇಗೆ ಬರೆಯುವುದು ಎಂಬ ಆಯ್ಕೆಯ ಸಡಿಲವೊಂದೇ ಅಂಥ ಫಲಿತಾಂಶ ತರಬಲ್ಲದು ಎಂದು ತೋರಿಸಿಕೊಟ್ಟರು.

ಕಾಕತಾಳೀಯ ಎಷ್ಟು ಅಗ್ಗ ನೋಡಿ. ಬಖರಾದ 286 ಆಯತ್‌ಗಳ ಅರ್ಧ 143, ಆ 143ನೇ ಆಯತ್‌ನಲ್ಲೇ 'ಮಧ್ಯಮ ಸಮುದಾಯ' ಎಂಬ ಮಾತಿದೆ ಎನ್ನುವುದು ಜನಪ್ರಿಯ ಉದಾಹರಣೆ. ನಿಜ, ಮಾತು ಅಲ್ಲಿದೆ. ಆದರೆ 286 ಸಮಸಂಖ್ಯೆ, ನಿಖರ ನಡು 143 ಮತ್ತು 144ರ ನಡುವೆ ಬೀಳುತ್ತದೆ. ಈಗ ನಮ್ಮ ಎರಡು ಜಿಲ್ಲೆಗಳ ಆರ್‌ಟಿಓ ಸಂಖ್ಯೆ ಕೂಡಿ: ಹಾಸನ 13, ಚಿಕ್ಕಮಗಳೂರು 18, ಸಕಲೇಶಪುರ 46, ತರೀಕೆರೆ 66. ಮೊತ್ತ 143!

ಮಸೀದಿಗೆ ಒಯ್ಯುವಾಗ

ಫೈಲ್‌ನಲ್ಲಿ ಕಂಡದ್ದನ್ನು ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಲು ಒಬ್ಬ ಹಾಫಿಝರ (ಇಡೀ ಕುರ್‌ಆನ್ ಕಂಠಪಾಠ ಮಾಡಿದವರು) ನೆರವು ಪಡೆಯಿರಿ. ಉರ್ದು ಬಳಗದಲ್ಲಾದರೆ 'ಹಜ್ರತ್', ಬ್ಯಾರಿ ಬಳಗದಲ್ಲಾದರೆ 'ಉಸ್ತಾದರೇ' ಎಂದು ಮಾತಾಡಿಸಿ, ಯಾವ ಆಯತ್, ಯಾವ ಪದ ಎಂದು ನೇರವಾಗಿ ಕೇಳಿ. ಅವರಿಗೆ ಸ್ಥಳ ನಾಲಗೆಯ ತುದಿಯಲ್ಲಿರುತ್ತದೆ. ವುಝೂ (ಕೈಕಾಲು ಮುಖ ತೊಳೆದು ಶುದ್ಧಿಯಾಗುವುದು) ಇಲ್ಲದೆ ಮುಸ್‌ಹಫ್ ಮುಟ್ಟಬೇಡಿ, ಪುಟ ತಿರುವುವ ಕೆಲಸ ಅವರಿಗೇ ಬಿಡಿ. 'ಬಸ್ತಃ' ಪದದ ಪುಟ್ಟ ಸೀನ್‌ನಂಥದ್ದನ್ನು 'ತಪ್ಪು' ಎನ್ನಬೇಡಿ, ಅದು ಓದುವ ರೀತಿಯನ್ನು ಸೂಚಿಸುವ ಗುರುತು. 9ನೇ ಸೂರಾದ ಎರಡು ಆಯತ್‌ಗಳ ವಿಷಯವನ್ನು ಹರಟೆಯಾಗಿ ಎತ್ತುವುದು ಬೇಡ.

ಎಣಿಕೆಗೆ ಗಟ್ಟಿ ನೆಲ: ಪಲ್ಲವಿಗಳು

ಕಾಗುಣಿತದ ಜಗಳವೇ ಇಲ್ಲದ ವಿನ್ಯಾಸ ಬೇಕಾದರೆ ಪುನರುಕ್ತಿಗಳನ್ನು ಎಣಿಸಿ. ಇಡೀ ವಾಕ್ಯ ಮರಳಿ ಬರುವುದರಿಂದ ಅಕ್ಷರ ಒಂದು ಹೆಚ್ಚುಕಡಿಮೆಯಾದರೂ ಎಣಿಕೆ ಕದಲದು. 26ನೇ ಸೂರಾದಲ್ಲಿ 'ಇದರಲ್ಲಿ ಒಂದು ದೃಷ್ಟಾಂತವಿದೆ' ಎಂಬ ವಾಕ್ಯ 8 ಸಲ, 77ರಲ್ಲಿ 'ಸುಳ್ಳೆಂದವರಿಗೆ ಆ ದಿನ ಕೇಡು' 10 ಸಲ. 54ರಲ್ಲಿ 55 ಆಯತ್‌ಗಳೂ 'ರಾ' ಅಕ್ಷರದಲ್ಲೇ ಮುಗಿಯುತ್ತವೆ.

ಎಲ್ಲಕ್ಕಿಂತ ಕುತೂಹಲದ್ದು 55ನೇ ಸೂರಾ ಅರ್-ರಹ್ಮಾನ್. 'ನಿಮ್ಮೊಡೆಯನ ಯಾವ ಅನುಗ್ರಹವನ್ನು ನೀವಿಬ್ಬರೂ ಅಲ್ಲಗಳೆಯುವಿರಿ' ಎಂಬ ವಾಕ್ಯ 78 ಆಯತ್‌ಗಳಲ್ಲಿ 31 ಸಲ ಬರುತ್ತದೆ. 78 ಮನೆಯ ಒಂದು ಉದ್ದ ಪಟ್ಟಿ ಎಳೆದು ಅದು ಬರುವ ಮನೆಗಳಿಗೆ ಬಣ್ಣ ತುಂಬಿ. ಮೊದಲ 12 ಮನೆ ಖಾಲಿ. 13, 16, 18, 21, 23, 25 ಎಂದು ಶುರುವಿನಲ್ಲಿ ಅಂತರ ಏರಿಳಿಯುತ್ತದೆ. 28ರಿಂದ 42ರವರೆಗೆ ಒಂದು ಬಿಟ್ಟು ಒಂದು, ಎಲ್ಲವೂ ಸಮಸಂಖ್ಯೆ, 8 ಸಲ. 43, 44 ಎರಡೂ ಖಾಲಿ. ಅಲ್ಲಿ ತಾಳ ಒಂದು ಹೆಜ್ಜೆ ಜಾರಿ, 45ರಿಂದ 77ರವರೆಗೆ ಮತ್ತೆ ಒಂದು ಬಿಟ್ಟು ಒಂದು, ಈ ಸಲ ಎಲ್ಲವೂ ಬೆಸ, 17 ಸಲ. 43ರಲ್ಲಿ ನರಕದ ಮಾತು ಬಂದು 46ರಿಂದ ಸ್ವರ್ಗದ ತೋಟಗಳ ವರ್ಣನೆ ಶುರುವಾಗುವ ತಿರುವು ಅದು, ಅರ್ಥ ಹೊರಳುವಲ್ಲೇ ಲಯವೂ ಹೊರಳಿದೆ.

ಪಟ್ಟಿ ಎಳೆಯುವಾಗ ಒಂದು ಜೋಕೆ. 'ಅರ್-ರಹ್ಮಾನ್' ಎಂಬ ಒಂಟಿ ಪದ ಕೂಫಾ ಎಣಿಕೆಯಲ್ಲಿ ಮೊದಲ ಆಯತ್. ಅದನ್ನು ಬೇರೆಯಾಗಿ ಎಣಿಸದ ಪದ್ಧತಿಯಲ್ಲಿ ಮುಂದಿನ ಸಂಖ್ಯೆಗಳು ಕೆಳಗಿಳಿದು ಸಮ-ಬೆಸ ಅದಲುಬದಲಾಗಬಹುದು. ಆದ್ದರಿಂದ ನೋಟ್‌ಬುಕ್‌ನಲ್ಲಿ ಆಯತ್ ಸಂಖ್ಯೆಯ ಪಕ್ಕದಲ್ಲಿ ಹಿಂದಿನ ಪಲ್ಲವಿಯಿಂದ ಎಷ್ಟು ಆಯತ್ ಆಚೆ ಎಂಬ ಅಂತರವನ್ನೂ ಬರೆಯಿರಿ: 3, 2, 3, 2, 2, 3, ಆಮೇಲೆ ಏಳು ಸಲ 2, ಒಂದು 3, ಕೊನೆಯವರೆಗೆ ಹದಿನಾರು ಸಲ 2.